ಚೌಕಟ್ಟಿನ ಹೊರಗಿನ ತಾಯಿ

ಹೆಪ್ಪುಗಟ್ಟಿದ ಸರೋವರದ ನಡುವೆ ಒಂದು ಜಿಂಕೆ ಮರಿ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿ ಹೊಟ್ಟೆ ಮಂಜುಗಡ್ಡೆಗೆ ತಾಗಿದೆ. ಏಳಲು ನೋಡುತ್ತದೆ, ಮತ್ತೆ ಜಾರುತ್ತದೆ. ದಡದಿಂದ ಒಬ್ಬ ತೆವಳಿಕೊಂಡು ಬಂದು ಹಗ್ಗ ಕಟ್ಟಿ ಎಳೆಯುತ್ತಾನೆ. ದಡ ಮುಟ್ಟಿದ ಮರಿ ಅರೆಗಳಿಗೆ ನಿಂತು, ಹಿಂದಿರುಗಿ ನೋಡಿ, ಕಾಡಿನೊಳಗೆ ಓಡಿಹೋಗುತ್ತದೆ. ಹಿನ್ನೆಲೆಯಲ್ಲಿ ಪಿಯಾನೋ. ಎಲ್ಲ ಸೇರಿ ಎರಡು ನಿಮಿಷ.

ಇಂಥದೊಂದು ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ. ಕೆನಡಾದ್ದೋ ಮಿನೆಸೋಟಾದ್ದೋ, ಕಳಿಸಿದವರಿಗೂ ಗೊತ್ತಿರುವುದಿಲ್ಲ. ಘೋಡಬಂದರ್ ರಸ್ತೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಟ್ಯಾಂಕರ್ ನೀರಿನ ಲೆಕ್ಕ, ಪಾರ್ಕಿಂಗ್ ಜಗಳ, ಮೆಟ್ರೋ ಕಾಮಗಾರಿಯ ಧೂಳಿನ ಫೋಟೋಗಳ ನಡುವೆ ವಾರಕ್ಕೊಂದಾದರೂ ಬೀಳುತ್ತದೆ. ಬಿದ್ದ ಕೂಡಲೇ ಕೈಮುಗಿದ ಚಿತ್ರಗಳ ಸಾಲು. ಬೆಳಿಗ್ಗೆ ಒಬ್ಬರ ಮೇಲೊಬ್ಬರು ಕಾರಿನ ಹಾರ್ನ್ ಒತ್ತಿದವರೂ ಆ ಸಾಲಿನಲ್ಲಿ ಅಕ್ಕಪಕ್ಕ ಇರುತ್ತಾರೆ. ಮಂಜುಗಡ್ಡೆಯನ್ನು ಫ್ರಿಜ್ಜಿನಲ್ಲಿ ಬಿಟ್ಟು ಬೇರೆಲ್ಲೂ ಕಾಣದ ನಮಗೂ ಆ ಮರಿ ದಡ ಸೇರುವ ತನಕ ಉಸಿರು ಬಿಗಿಯಾಗುತ್ತದೆ. ಇದು ಸಣ್ಣ ವಿಷಯವೇನಲ್ಲ.

ನನಗೆ ಇವು ಸುದ್ದಿಗಿಂತ ಹೆಚ್ಚಾಗಿ ಕಥೆಗಳಾಗಿ ಕಾಣುತ್ತವೆ. ಬಯಲಾಟಕ್ಕೆ ಇರುವ ಹಾಗೆ ಇವಕ್ಕೂ ಒಂದು ನಡೆ ಇದೆ: ಮರಿಗೆ ಬಂದ ಕಷ್ಟ, ಮನುಷ್ಯನ ಪ್ರವೇಶ, ಒಂದಿಷ್ಟು ಹೆಣಗಾಟ, ಬಿಡುಗಡೆ, ಕೊನೆಗೆ ಆ ಹಿಂದಿರುಗಿ ನೋಡುವ ನೋಟ. ನೋಟ ಬಹಳ ಮುಖ್ಯ. ಅದನ್ನು ನಾವು ಧನ್ಯವಾದ ಎಂದು ಓದಿಕೊಳ್ಳುತ್ತೇವೆ. ಹಾಗಾದರೆ ಬೇರೆ ಕಥೆಗಳಿಗೆ ಕೇಳುವ ಪ್ರಶ್ನೆಗಳನ್ನು ಇವಕ್ಕೂ ಕೇಳಬೇಕಲ್ಲವೆ? ಇದು ಯಾರ ಕಥೆ? ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು? ಚೌಕಟ್ಟಿನೊಳಗೆ ಯಾರಿದ್ದಾರೆ, ಹೊರಗೆ ಯಾರು ಉಳಿದರು? ಇಷ್ಟು ಕೇಳಿದರೆ ಸಾಕು, ಬಹುತೇಕ ಎಲ್ಲ ರಕ್ಷಣೆಯ ವಿಡಿಯೋಗಳಲ್ಲೂ ಒಂದು ಪಾತ್ರ ನಾಪತ್ತೆಯಾಗಿರುವುದು ಗೊತ್ತಾಗುತ್ತದೆ. ಮರಿಯ ತಾಯಿ.

ಈ ಪ್ರಶ್ನೆ ನನಗೆ ಓದಿನಿಂದ ಹುಟ್ಟಿದ್ದಲ್ಲ. ಅಂಥದೊಂದು ವಿಡಿಯೋವನ್ನು ನಾನೇ ಮಾಡಿದ್ದೇನೆ.

ನಮ್ಮ ಕಟ್ಟಡಗಳ ಬೆನ್ನಿಗೇ ಯೇವೂರು ಗುಡ್ಡ, ಅದರಾಚೆಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ನೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಆ ಕಾಡಿನ ಅಂಚಿನಲ್ಲೇ ನಮ್ಮ ರಸ್ತೆ ಹಾದುಹೋಗುತ್ತದೆ. ಕೋತಿಗಳು ಬಾಲ್ಕನಿಗೆ ಬರುವುದು, ರಾತ್ರಿ ಕಾಂಪೌಂಡ್ ಮೇಲೆ ಪುನುಗು ಬೆಕ್ಕು ನಡೆಯುವುದು ಇಲ್ಲಿ ವಿಶೇಷವಲ್ಲ. ಮೂರು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಪಾರ್ಕಿಂಗ್ ಮಹಡಿಯಲ್ಲಿ ಪೈಪ್ ರಿಪೇರಿಗೆ ಬಂದವರು ಹಳೆಯ ಕೇಬಲ್ ಡಕ್ಟಿನ ಮುಚ್ಚಳ ತೆಗೆದರು. ಒಳಗೆ ಪುನುಗಿನ ಎರಡು ಮರಿಗಳು. ಕಣ್ಣು ಈಗಷ್ಟೇ ಬಿಟ್ಟಿದ್ದವು. ಹತ್ತು ನಿಮಿಷದಲ್ಲಿ ಮಕ್ಕಳು ಮರಿ ಎಲ್ಲ ಸೇರಿದರು. "ಪಾಪ, ತಾಯಿ ಇಲ್ಲ" ಎಂದು ಯಾರೋ ಅಂದರು. ಆಮೇಲೆ ಎಲ್ಲರೂ ಅದನ್ನೇ ಅಂದರು. ನಾನು ಕಮಿಟಿಯಲ್ಲಿದ್ದೆ. ಆಫೀಸಿನಲ್ಲಿ ಇಪ್ಪತ್ತು ಜನರಿಗೆ ಕೆಲಸ ಹಂಚುವವನು ಇಲ್ಲೂ ಹಂಚಿದೆ: ಒಬ್ಬರು ಶೂ ಪೆಟ್ಟಿಗೆ, ಒಬ್ಬರು ಟವೆಲ್, ಒಬ್ಬರು ಪ್ಯಾಕೆಟ್ ಹಾಲು, ಒಬ್ಬರು ಇಂಕ್ ಫಿಲ್ಲರ್. ಮಗನ ಕೈಗೆ ಫೋನ್ ಕೊಟ್ಟು ಎಲ್ಲವನ್ನೂ ಹಿಡಿಯಲು ಹೇಳಿದೆ. ರಾತ್ರಿ ಕೂತು ಒಂದು ನಿಮಿಷ ನಲವತ್ತು ಸೆಕೆಂಡಿಗೆ ಕತ್ತರಿಸಿ, ಗದ್ದಲದ ಸದ್ದು ತೆಗೆದು, ಕೊಳಲಿನ ಸಂಗೀತ ಹಚ್ಚಿದೆ. ಸೊಸೈಟಿಯ ಗುಂಪಿನಿಂದ ಹೊರಟದ್ದು ಬೆಂಗಳೂರಿನ ಹಳೆಯ ಸಹಪಾಠಿಗಳ ಗುಂಪನ್ನೂ ತಲುಪಿತು. ಎರಡು ದಿನ ನಾನು ಸಣ್ಣ ಮಟ್ಟದ ಹೀರೋ.

ಮೂರನೆಯ ದಿನ ಒಂದು ಮರಿ ಸತ್ತಿತು. ಪಶುವೈದ್ಯರು ನೋಡಿ, ಹಾಲು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದಿದೆ ಅಂದರು. ಪುಟ್ಟ ಮರಿಯನ್ನು ಅಂಗಾತ ಹಿಡಿದು ಫಿಲ್ಲರಿನಿಂದ ಹಾಲು ಬಿಟ್ಟರೆ ಹೀಗಾಗುವುದು ಮಾಮೂಲಿಯಂತೆ. ಇನ್ನೊಂದನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು. ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲೇ ಬಿಟ್ಟಿದ್ರೆ ಅದ್ರ ತಾಯಿ ಬಂದು ಕಚ್ಕೊಂಡು ಹೋಗ್ತಿತ್ತಲ್ಲೋ?" ಅಟ್ಟದಲ್ಲಿ ಪುನುಗು ಮರಿ ಹಾಕುವುದನ್ನು ನೋಡುತ್ತಲೇ ವಯಸ್ಸಾದವಳು ಆಕೆ. ನಾನು ಎಂಟೆಕ್ ಓದಿದವನು.

ಅಂದಿನಿಂದ ಈ ಬಗೆಯ ಯಾವ ಕಥೆ ಕಂಡರೂ ತಾಯಿ ಎಲ್ಲಿ ಎಂದು ಹುಡುಕುವುದು ನನಗೆ ಅಭ್ಯಾಸವಾಯಿತು. ಮಂಜಿನ ಮೇಲಿನ ಜಿಂಕೆಯಿಂದಲೇ ಶುರು ಮಾಡಿದೆ.

ಆ ವಿಡಿಯೋಗಳ ಮೊದಲ ದೋಷ ಅವು ಮುಗಿಯುವ ಜಾಗ. ಗೊರಸಿಗೆ ಮಂಜುಗಡ್ಡೆಯ ಮೇಲೆ ಹಿಡಿತ ಸಿಗುವುದಿಲ್ಲ. ಕಾಲುಗಳು ಅಗಲವಾಗಿ ಜಾರಿದಾಗ ತೊಡೆಯ ಒಳಗಿನ ಸ್ನಾಯುಗಳು ಹರಿಯಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಜಿಂಕೆಯಂಥ ಪ್ರಾಣಿಯನ್ನು ಬೆನ್ನಟ್ಟಿದರೆ, ಹಿಡಿದರೆ, ಕಟ್ಟಿದರೆ, ಆ ಭಯಕ್ಕೂ ಒದ್ದಾಟಕ್ಕೂ ಸ್ನಾಯುಗಳೇ ಒಡೆದು ವಿಷ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ, ಹೃದಯ ಕೈಕೊಡುತ್ತವೆ. ವನ್ಯಜೀವಿ ವೈದ್ಯರು ಇದನ್ನು ಕ್ಯಾಪ್ಚರ್ ಮಯೋಪತಿ ಎನ್ನುತ್ತಾರೆ. ಪ್ರಾಣಿ ಅಲ್ಲೇ ಸಾಯದೆ ಕೆಲವು ದಿನ ಕಳೆದೂ ಸಾಯಬಹುದು. ಅಂದರೆ ಕಾಡಿಗೆ ಓಡಿದ ಆ ಮರಿ ಬದುಕಿತೋ ಇಲ್ಲವೋ ವಿಡಿಯೋ ಮಾಡಿದವನಿಗೂ ತಿಳಿಯದು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಡೆಲಿವರಿಯ ದಿನವೇ ಕೇಕ್ ಕತ್ತರಿಸಿ ಪ್ರಾಜೆಕ್ಟ್ ಮುಗಿಯಿತು ಎಂದ ಹಾಗೆ. ಸಿಸ್ಟಂ ನಡೆಯಿತೋ ಇಲ್ಲವೋ ಎಂಬುದು ಮರುದಿನದ ಮಾತು, ಆ ದಿನಕ್ಕೆ ಕ್ಯಾಮೆರಾ ಇರುವುದಿಲ್ಲ.

ಎರಡನೆಯ ದೋಷ ಅವು ಶುರುವಾಗುವ ಜಾಗ. ಮರಿ ಒಂಟಿಯಾಗಿ ಕಂಡ ಗಳಿಗೆಯಿಂದ ಕಥೆ ಶುರುವಾಗುತ್ತದೆ. ಒಂಟಿಯಾಗಿ ಕಾಣುವುದು ಬೇರೆ, ಒಂಟಿಯಾಗಿರುವುದು ಬೇರೆ. ಅನೇಕ ಜಾತಿಯ ಜಿಂಕೆಗಳು ಎಳೆಯ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಗಂಟೆಗಟ್ಟಲೆ ದೂರ ಮೇಯುತ್ತವೆ. ತಾಯಿ ಹತ್ತಿರವೇ ಸುಳಿದಾಡಿದರೆ ಬೇಟೆಯ ಪ್ರಾಣಿಗೆ ಸುಳಿವು ಸಿಗುತ್ತದೆ, ಅದಕ್ಕೇ ಆ ದೂರ. ಚಿರತೆಯೂ ಮರಿಗಳನ್ನು ಬಿಟ್ಟು ಬೇಟೆಗೆ ಹೋಗುತ್ತದೆ. ಪುನುಗು ರಾತ್ರಿ ಹೊತ್ತು ಮೇವಿಗೆ ಹೋಗುತ್ತದೆ. ತಾಯಿ ದೂರವಿರುವುದೂ ತಾಯ್ತನದ ಒಂದು ಭಾಗ. ನಮ್ಮ ಕ್ಯಾಮೆರಾ ಅದನ್ನು ತಾಯಿ ಇಲ್ಲ ಎಂದು ಓದುತ್ತದೆ.

ಈ ತಪ್ಪು ಓದಿಗೆ ತೆತ್ತ ಬೆಲೆಯ ದಾಖಲೆ ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದಲ್ಲಿದೆ. 2016ರ ಮೇ ತಿಂಗಳಲ್ಲಿ ಪ್ರವಾಸಿಗರು ಕಾಡೆಮ್ಮೆಯ ಎಳೆಗರುವೊಂದು ಚಳಿಗೆ ನಡುಗುತ್ತಿದೆ ಎಂದುಕೊಂಡು ಅದನ್ನು ಕಾರಿನ ಹಿಂಭಾಗಕ್ಕೆ ಹಾಕಿ ಉದ್ಯಾನದ ಸಿಬ್ಬಂದಿಯ ಬಳಿ ತಂದರು. ಕರುವನ್ನು ಹಿಂಡಿಗೆ ಮರಳಿ ಸೇರಿಸಲು ನಡೆಸಿದ ಪ್ರಯತ್ನಗಳೆಲ್ಲ ಸೋತವು. ಅದು ಜನರ ಹಿಂದೆ, ಕಾರುಗಳ ಹಿಂದೆ ಬರತೊಡಗಿತು. ಕೊನೆಗೆ ದಯಾಮರಣ ಕೊಟ್ಟರು. 2023ರ ಮೇ ತಿಂಗಳಲ್ಲಿ ಅದೇ ಉದ್ಯಾನದ ಲಮಾರ್ ಕಣಿವೆಯಲ್ಲಿ ಹಿಂಡು ಹೊಳೆ ದಾಟುವಾಗ ಹಿಂದುಳಿದ ಕರುವನ್ನು ಒಬ್ಬರು ನೀರಿನಿಂದ ಮೇಲೆ ರಸ್ತೆಗೆ ತಳ್ಳಿದರು. ಮತ್ತೆ ಅದೇ ಕಥೆ: ಹಿಂಡು ಸೇರಿಸಿಕೊಳ್ಳಲಿಲ್ಲ, ಕರು ಕಾರುಗಳ ಬಳಿ ಅಲೆಯಿತು, ಅದಕ್ಕೂ ಸಾವೇ ಗತಿಯಾಯಿತು. ಆ ಮನುಷ್ಯನಿಗೆ ನ್ಯಾಯಾಲಯ ದಂಡ ಹಾಕಿತು. ಇವರು ಯಾರೂ ಕ್ರೂರಿಗಳಲ್ಲ. ನಾನು ಮಾಡಿದ್ದನ್ನೇ ಅವರೂ ಮಾಡಿದರು. ಮರಿಯ ಕಷ್ಟವನ್ನು ನೋಡಿದರು, ಅದರ ಸುತ್ತಲಿನ ಲೋಕವನ್ನು ನೋಡಲಿಲ್ಲ.

ಇದನ್ನೆಲ್ಲ ಯೋಚಿಸುವಾಗ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ಊರಿನ ದೇವಸ್ಥಾನದ ಜಗಲಿಯಲ್ಲಿ ಹರಿಕಥೆ ದಾಸರಿಂದ ಕೇಳಿದ ಜಡಭರತನ ಕಥೆ. ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಆ ಪ್ರಸಂಗಕ್ಕಿಂತ ಹಳೆಯ, ಅದಕ್ಕಿಂತ ನಿಷ್ಠುರವಾದ ಮರಿ ರಕ್ಷಣೆಯ ಕಥೆ ನನಗೆ ಗೊತ್ತಿಲ್ಲ. ರಾಜ್ಯ ಬಿಟ್ಟು ತಪಸ್ಸಿಗೆ ಬಂದ ಭರತ ಗಂಡಕಿ ನದಿಯ ದಡದಲ್ಲಿ ಕೂತಿದ್ದಾನೆ. ತುಂಬು ಗರ್ಭದ ಹುಲ್ಲೆ ನೀರು ಕುಡಿಯಲು ಬರುತ್ತದೆ. ಸಿಂಹದ ಗರ್ಜನೆ. ಬೆದರಿದ ಹುಲ್ಲೆ ನದಿ ದಾಟಲು ಹಾರುತ್ತದೆ, ಗರ್ಭ ಜಾರಿ ಮರಿ ನೀರಿಗೆ ಬೀಳುತ್ತದೆ, ಆಚೆ ದಡ ಸೇರಿದ ತಾಯಿ ಅಲ್ಲೇ ಸಾಯುತ್ತದೆ. ಹೊಳೆಯಲ್ಲಿ ತೇಲುವ ಮರಿಯನ್ನು ಭರತ ಎತ್ತಿಕೊಳ್ಳುತ್ತಾನೆ.

ಇವತ್ತಿನ ವಿಡಿಯೋ ಇಲ್ಲಿಗೆ ಮುಗಿಯುತ್ತಿತ್ತು. ಭಾಗವತದ ಕಥೆ ಇಲ್ಲಿಂದ ಶುರುವಾಗುತ್ತದೆ. ಹುಲ್ಲು ತಿನ್ನಿಸುವುದು, ಮೈ ಸವರುವುದು, ಕಾಡು ಪ್ರಾಣಿಗಳಿಂದ ಕಾಯುವುದು. ಒಂದೊಂದಾಗಿ ಭರತನ ನಿತ್ಯದ ವ್ರತಗಳು ತಪ್ಪುತ್ತವೆ. ಮರಿ ಕಣ್ಣಿಗೆ ಕಾಣದಿದ್ದರೆ ಹಂಬಲಿಸುತ್ತಾನೆ. ಅದನ್ನೇ ನೋಡುತ್ತ ಪ್ರಾಣ ಬಿಟ್ಟು, ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟುತ್ತಾನೆ. ಮೋಹ ಕೆಟ್ಟದ್ದು, ಅದಕ್ಕೇ ಹೀಗಾಯಿತು ಎಂದು ದಾಸರು ಹೇಳಿ ಮಂಗಳ ಹಾಡುತ್ತಿದ್ದರು. ನಮಗೂ ಅಷ್ಟೇ ಉಳಿಯಿತು.

ಈಗ ಓದಿದರೆ ಕಥೆ ಅದಕ್ಕಿಂತ ಎಚ್ಚರದಿಂದ ಕಟ್ಟಿದ್ದು ಅನ್ನಿಸುತ್ತದೆ. ಭರತ ಮರಿಯನ್ನು ನೀರಿನಿಂದ ಎತ್ತಿದ್ದನ್ನು ಕಥೆ ತಪ್ಪು ಎನ್ನುವುದಿಲ್ಲ. ಮೊದಲು ತಾಯಿಯನ್ನು ತೋರಿಸಿ, ಅವಳು ಸತ್ತದ್ದನ್ನು ಹೇಳಿ, ಆಮೇಲಷ್ಟೇ ಅವನ ಕೈಯನ್ನು ನೀರಿಗೆ ಇಳಿಸುತ್ತದೆ. ಎತ್ತಬೇಕಾದ ಮರಿಯನ್ನೇ ಎತ್ತಿದ್ದಾನೆ. ಅವನು ಎಡವಿದ್ದು ಆಮೇಲೆ. ಯಾರು ಯಾರಿಗಾಗಿ ಬದುಕುತ್ತಿದ್ದಾರೆ ಎಂಬ ಗೆರೆ ಅಳಿಸಿಹೋಗಿ ಮರಿಯ ಕಾಡು ಅವನ ಆಶ್ರಮವಾಯಿತು. ಇನ್ನೊಂದು ಸಂಗತಿಯಂತೂ ನನ್ನನ್ನು ಬೆಚ್ಚಿಬೀಳಿಸಿತು. ಜಿಂಕೆಯಾಗಿ ಹುಟ್ಟಿದ ಭರತನಿಗೆ ಹಿಂದಿನ ಜನ್ಮದ ನೆನಪಿರುತ್ತದೆ. ಅವನು ತನ್ನ ತಾಯಿ ಜಿಂಕೆಯನ್ನು ಬಿಟ್ಟು ನಡೆದು ಮತ್ತೆ ಆಶ್ರಮಕ್ಕೇ ಬರುತ್ತಾನೆ. ಭಾಗವತಕ್ಕೆ ಅದು ವೈರಾಗ್ಯ. ನನಗೆ ಮಾತ್ರ ಹಿಂಡು ಬಿಟ್ಟು ಕಾರುಗಳ ಹಿಂದೆ ಅಲೆದ ಯೆಲ್ಲೊಸ್ಟೋನಿನ ಕರು ಕಣ್ಣ ಮುಂದೆ ಬಂತು. ಮನುಷ್ಯನ ಸಹವಾಸದ ನೆನಪು ಹೊತ್ತ ಪ್ರಾಣಿ ಹಿಂಡಿನಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಆ ಹಳೆಯ ಕವಿ ಬೇರೇನೋ ಹೇಳಲು ಹೋಗಿ ಸರಿಯಾಗಿಯೇ ಬರೆದಿದ್ದಾನೆ.

ನಮ್ಮ ಕಾಲದ ಭರತನ ಕಥೆ ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶನದ ಸಾಕ್ಷ್ಯಚಿತ್ರ 'ದಿ ಎಲಿಫೆಂಟ್ ವಿಸ್ಪರರ್ಸ್'. 2022ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂದು 2023ರಲ್ಲಿ ಆಸ್ಕರ್ ಗೆದ್ದ ಚಿತ್ರ. ನಮ್ಮ ಬಂಡೀಪುರಕ್ಕೆ ತಾಗಿಕೊಂಡಿರುವ ಮುದುಮಲೆಯ ತೆಪ್ಪಕಾಡು ಆನೆ ಶಿಬಿರದಲ್ಲಿ ಕಾಟ್ಟುನಾಯಕನ್ ಸಮುದಾಯದ ಬೊಮ್ಮನ್ ಮತ್ತು ಬೆಳ್ಳಿ, ತಾಯಿ ಸತ್ತು ಗಾಯಗೊಂಡು ಬಂದ ಆನೆಮರಿ ರಘುವನ್ನು ಸಾಕುತ್ತಾರೆ. ಆಮೇಲೆ ಅಮ್ಮು ಎಂಬ ಇನ್ನೊಂದು ಪುಟ್ಟ ಮರಿಯೂ ಬರುತ್ತದೆ.

ಈ ಚಿತ್ರವನ್ನು ನಾನು ಎರಡು ಸಲ ನೋಡಿದೆ. ಮೊದಲ ಸಲ ಎಲ್ಲರಂತೆ ಅತ್ತೆ. ಎರಡನೆಯ ಸಲ ಗಮನಿಸಿ ನೋಡಿದಾಗ ಅದರ ದೊಡ್ಡ ಗುಣ ಕಂಡಿತು: ರಕ್ಷಣೆಯಾದ ಮರುದಿನದ ಕೆಲಸವನ್ನು ಅದು ತೋರಿಸುತ್ತದೆ. ಮೈ ತೊಳೆಸುವುದು, ಉಣಿಸುವುದು, ಹೊಳೆಗೆ ಕರೆದೊಯ್ಯುವುದು, ಹಠ ಮಾಡಿದರೆ ರಮಿಸುವುದು, ಮತ್ತೆ ನಾಳೆ ಅದೇ. ಎರಡು ನಿಮಿಷದ ವಿಡಿಯೋ ಮುಚ್ಚಿಡುವ ವರ್ಷಗಳ ದುಡಿಮೆ ಇಲ್ಲಿ ತೆರೆದುಕೊಳ್ಳುತ್ತದೆ. ಆ ದುಡಿಮೆಗೆ ಹೆಸರಿದೆ, ಮುಖವಿದೆ. ಹಿಂದಿನ ಗಂಡನನ್ನು ಹುಲಿಗೆ ಕಳೆದುಕೊಂಡ ಬೆಳ್ಳಿ ಕಾಡಿನ ಬಗ್ಗೆ ಮಾತಾಡುವಾಗ ಅದರಲ್ಲಿ ಪೋಸ್ಟರಿನ ಪ್ರೀತಿ ಇಲ್ಲ. ಭಯವೂ ನಂಟೂ ಬೆರೆತ ಮಾತು ಅದು.

ಅದರ ಕೊರತೆಯೂ ಎರಡನೆಯ ಸಲವೇ ಕಂಡದ್ದು. ರಘುವಿನ ತಾಯಿ ಸತ್ತದ್ದು ವಿದ್ಯುತ್ ತಗುಲಿ. ಅದು ಒಂದೆರಡು ಮಾತಿನಲ್ಲಿ ಬಂದು ಹೋಗುತ್ತದೆ. ಯಾವ ತಂತಿ, ಯಾಕೆ ಅಲ್ಲಿತ್ತು, ಆನೆ ಅಲ್ಲಿಗೆ ಯಾಕೆ ಬಂತು ಎಂದು ಚಿತ್ರ ನಿಂತು ಕೇಳುವುದಿಲ್ಲ. ನಮ್ಮ ಸಪೋರ್ಟ್ ಕೆಲಸದಲ್ಲಿ ಒಂದು ನಿಯಮವಿದೆ: ಕೆಟ್ಟದ್ದನ್ನು ರಿಪೇರಿ ಮಾಡಿದ ಮಾತ್ರಕ್ಕೆ ಟಿಕೆಟ್ ಮುಚ್ಚುವಂತಿಲ್ಲ, ಮೂಲ ಕಾರಣ ಬರೆಯಲೇಬೇಕು. ಚಿತ್ರದಲ್ಲಿ ಆ ಕಾಲಂ ಖಾಲಿ ಉಳಿದಿದೆ. ಹಾಗೆಯೇ ಬೆಳೆದ ರಘುವನ್ನು ಇವರಿಬ್ಬರಿಂದ ಬಿಡಿಸಿ ಬೇರೆಯವರ ಕೈಗೆ ಒಪ್ಪಿಸುವ ಸನ್ನಿವೇಶ. ಚಿತ್ರದ ಅತ್ಯಂತ ನೋವಿನ ಗಳಿಗೆ ಅದು. ಆ ನಿರ್ಧಾರ ಮಾತ್ರ ಮಳೆ ಬಂದ ಹಾಗೆ, ಯಾರೂ ಮಾಡದೆ ಬಂದದ್ದರಂತೆ ಕಾಣುತ್ತದೆ. ಮಳೆ, ಬೆಳಕು, ಜೇಡ, ಮಂಗಗಳ ಚೆಂದದ ಚಿತ್ರಿಕೆಗಳಿಗೆ ಸಿಕ್ಕ ಸಮಯದಲ್ಲಿ ಒಂದು ನಿಮಿಷ ಆ ತಂತಿಗೂ ಸಿಕ್ಕಿದ್ದರೆ ತಾಯಿಯೂ ಕಥೆಯೊಳಗೆ ಬರುತ್ತಿದ್ದಳು. ಆದರೂ ಭರತನ ಕಥೆಯ ಜೊತೆ ಇಟ್ಟು ನೋಡುವಷ್ಟು ತೂಕ ಈ ಚಿತ್ರಕ್ಕಿದೆ. ತಾಯಿ ನಿಜಕ್ಕೂ ಇಲ್ಲದಾಗ ಮನುಷ್ಯ ಏನು ತೆರಬೇಕಾಗುತ್ತದೆ ಎಂಬುದನ್ನು ಎರಡೂ ಹೇಳುತ್ತವೆ. ಒಂದು ಶಿಕ್ಷೆ ಎಂದು, ಇನ್ನೊಂದು ಪ್ರೀತಿ ಎಂದು.

ತಾಯಿ ಇದ್ದಾಗ? ಅದಕ್ಕೆ ಉತ್ತರ ನಮ್ಮ ಹತ್ತಿರದಲ್ಲೇ ಇದೆ. ಕಲ್ಯಾಣದಿಂದ ಮುರಬಾಡ್ ದಾಟಿ ಮಾಳಶೇಜ್ ಘಾಟ್ ಹತ್ತಿದರೆ ಪುಣೆ ಜಿಲ್ಲೆಯ ಜುನ್ನರ್ ಸೀಮೆ. ಕುಕಡಿ ಯೋಜನೆಯ ಅಣೆಕಟ್ಟುಗಳ ನೀರು ಬಂದ ಮೇಲೆ ಅಲ್ಲಿ ಕಬ್ಬು ಹಬ್ಬಿತು, ಕಬ್ಬಿನೊಳಗೆ ಚಿರತೆ ಮನೆ ಮಾಡಿತು. ಒಂದು ಕಾಲಕ್ಕೆ ಅಲ್ಲಿ ಚಿರತೆಗಳನ್ನು ಹಿಡಿದು ದೂರದ ಕಾಡುಗಳಿಗೆ ಬಿಡುತ್ತಿದ್ದರು. ಅದಾದ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿತು ಎಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪ್ರಾಣಿಯನ್ನು ಅದರ ಜಾಗದಿಂದ ಕೀಳುವುದು ಪರಿಹಾರವಲ್ಲ ಎಂಬ ಪಾಠ ಅದು.

ಕಬ್ಬು ಕಡಿಯುವ ಕಾಲಕ್ಕೆ ಅಲ್ಲಿನ ಕೂಲಿಗಳ ಕತ್ತಿಯ ಮುಂದೆ ಚಿರತೆ ಮರಿಗಳು ಸಿಗುತ್ತವೆ. ಅರಣ್ಯ ಇಲಾಖೆಯವರೂ ಮಾಣಿಕಡೋಹದ ಚಿರತೆ ಕೇಂದ್ರದಲ್ಲಿ ಕೆಲಸ ಮಾಡುವ ವೈಲ್ಡ್‌ಲೈಫ್ ಎಸ್ಒಎಸ್ ಸಂಸ್ಥೆಯ ವೈದ್ಯರೂ ಬಂದು ಮರಿಗಳನ್ನು ಪರೀಕ್ಷಿಸುತ್ತಾರೆ. ಆಮೇಲೆ ಸಂಜೆ ಹೊತ್ತಿಗೆ ಸಿಕ್ಕ ಜಾಗದಲ್ಲೇ ಒಂದು ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು, ಸುತ್ತ ಕ್ಯಾಮೆರಾ ಕಟ್ಟಿ, ದೂರ ಸರಿಯುತ್ತಾರೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಮ್ಮ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ವೈದ್ಯರು ಮುಟ್ಟಿ ತಪಾಸಣೆ ಮಾಡಿದ ಮರಿಗಳನ್ನೇ ತಾಯಿ ಒಯ್ಯುತ್ತದೆ. ಯೆಲ್ಲೊಸ್ಟೋನಿಗೂ ಇದಕ್ಕೂ ವ್ಯತ್ಯಾಸ ಜಾಗದ್ದು ಮತ್ತು ಹೊತ್ತಿನದು. ಅಲ್ಲಿ ಮರಿಯನ್ನು ಮನುಷ್ಯರ ಕಡೆಗೆ ತಂದರು, ಇಲ್ಲಿ ಮನುಷ್ಯರು ಹಿಂದೆ ಸರಿದರು.

ಆ ರಾತ್ರಿ ಕ್ಯಾಮೆರಾಗಳ ತುಣುಕುಗಳು ನೋಡಲು ಸಿಗುತ್ತವೆ. ಬೂದು ಬಣ್ಣದ, ಮಸುಕು ಚಿತ್ರ. ಬಹಳ ಹೊತ್ತು ಬರೀ ಪೆಟ್ಟಿಗೆ. ಆಮೇಲೆ ಅಂಚಿನಲ್ಲಿ ಎರಡು ಹೊಳೆಯುವ ಕಣ್ಣು. ತಾಯಿ ಬರುತ್ತಾಳೆ, ಮೂಸುತ್ತಾಳೆ, ಪೆಟ್ಟಿಗೆಯನ್ನು ಉರುಳಿಸುತ್ತಾಳೆ, ಮರಿಯ ಕತ್ತು ಕಚ್ಚಿಕೊಂಡು ಚೌಕಟ್ಟಿನ ಹೊರಗೆ ಹೋಗುತ್ತಾಳೆ. ಕೆಲವಕ್ಕೆ ಆಮೇಲೆ ಸಂಗೀತವನ್ನೂ ಸಂಸ್ಥೆಯ ಲಾಂಛನವನ್ನೂ ಅಂಟಿಸಿರುತ್ತಾರೆ ನಿಜ. ಆದರೂ ಆ ಚಿತ್ರದೊಳಗೆ ಒಬ್ಬ ಮನುಷ್ಯನೂ ಇಲ್ಲ, ಯಾರಿಗೂ ತಿರುಗಿ ನೋಡುವ ನೋಟವಿಲ್ಲ. ನನ್ನ ಮಟ್ಟಿಗೆ ಈ ಪ್ರಕಾರದಲ್ಲಿ ಬಂದ ಅತ್ಯುತ್ತಮ ಕೃತಿಗಳು ಇವೇ.

ಇದು ಕನ್ನಡದವರಿಗೆ ಹೊಸ ಕಥೆಯೂ ಅಲ್ಲ. ಗೋವಿನ ಹಾಡನ್ನು ಕೇಳದೆ ದೊಡ್ಡವರಾದವರು ನಮ್ಮಲ್ಲಿ ಕಡಿಮೆ. ಅದರಲ್ಲೂ ಹಸಿದ ಮರಿಯೊಂದು ಕಾಯುತ್ತಿದೆ, ತಾಯಿ ದೂರದಲ್ಲಿದೆ. ಅಲ್ಲಿ ಯಾರೂ ಓಡಿಬಂದು ಕರುವನ್ನು ರಕ್ಷಿಸುವುದಿಲ್ಲ. ಹಾಡಿನ ಇಡೀ ಜೀವ ಇರುವುದು ತಾಯಿ ಮರಳಿ ಬರುತ್ತಾಳೆಯೇ ಎಂಬುದರಲ್ಲಿ. ಹುಲಿಯ ಮುಂದೆ ನಿಂತವಳು ಕೇಳುವುದೂ ಅದನ್ನೇ, ಒಂದು ಸಲ ದೊಡ್ಡಿಗೆ ಹೋಗಿ ಬರುವ ಅವಕಾಶವನ್ನು. ಆ ಹಾಡನ್ನು ನಾವು ಸತ್ಯದ ಪಾಠವೆಂದು ಕಲಿತೆವು, ಕಾಯುವಿಕೆಯ ಪಾಠವೆಂದು ಕಲಿಯಲಿಲ್ಲ. ಜುನ್ನರಿನಲ್ಲಿ ಪಾತ್ರಗಳು ಅದಲುಬದಲಾಗಿವೆ. ಮರಳಿ ಬರುವವಳು ಚಿರತೆ. ದಾರಿ ಬಿಡಬೇಕಾದವರು ನಾವು.

ಈ ವಾದಕ್ಕೆ ನನ್ನ ಹೆಂಡತಿಯೇ ಆಕ್ಷೇಪ ಎತ್ತಿದಳು. "ಎಲ್ಲರೂ ದೂರ ನಿಂತರೆ ಮಕ್ಕಳಿಗೆ ಪ್ರಾಣಿಗಳ ಮೇಲೆ ಕರುಣೆ ಹೇಗೆ ಬರುತ್ತೆ? ಆ ಎರಡು ನಿಮಿಷದ ವಿಡಿಯೋ ನೋಡಿಯಾದರೂ ಮನಸ್ಸು ಕರಗುತ್ತಲ್ಲ" ಎಂದಳು. ಇದು ತಳ್ಳಿಹಾಕುವ ಮಾತಲ್ಲ. ಬೆಂಗಳೂರಿನಲ್ಲೋ ಡೊಂಬಿವಲಿಯಲ್ಲೋ ಹದಿನಾಲ್ಕನೆಯ ಮಹಡಿಯಲ್ಲಿ ಬೆಳೆಯುವ ಮಗುವಿಗೆ ಕಾಡಿನ ಬಾಗಿಲು ಇವತ್ತು ಆ ವಿಡಿಯೋವೇ ಇರಬಹುದು. ಮಂಜಿನ ಮೇಲೆ ಸಿಕ್ಕಿಬಿದ್ದ ಮರಿಯನ್ನು, ಬಾವಿಗೆ ಬಿದ್ದ ಮರಿಯನ್ನು ನೋಡುತ್ತ ನಿಲ್ಲಿ ಎಂದು ಯಾರೂ ಹೇಳುವುದಿಲ್ಲ. ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926 ಇರುವುದು ಅದಕ್ಕೇ. ನನ್ನ ತಕರಾರು ಕರುಣೆಯ ಮೇಲಲ್ಲ, ಅದು ಕಲಿಸುವ ಅವಸರದ ಮೇಲೆ. ಮರಿ ಕಂಡ ಕೂಡಲೇ ಕೈ ಚಾಚುವುದನ್ನು ಆ ಕಥೆಗಳು ಕಲಿಸುತ್ತವೆ, ಸುತ್ತ ನೋಡುವುದನ್ನು ಕಲಿಸುವುದಿಲ್ಲ. ಸುತ್ತ ನೋಡಿದ್ದರೆ ನನಗೂ ಇಬ್ಬರು ಕಾಣುತ್ತಿದ್ದರು.

ಮೊದಲನೆಯದು ತಾಯಿ. ಮರಿ ಸತ್ತ ವಾರ ಕಾರಿಗೆ ಗೀರು ಬಿದ್ದ ಯಾವುದೋ ದೂರಿಗಾಗಿ ಪಾರ್ಕಿಂಗಿನ ಸಿಸಿಟಿವಿ ನೋಡುತ್ತಿದ್ದಾಗ ಸೆಕ್ಯುರಿಟಿ ಸೂಪರ್‌ವೈಸರ್ ಕರೆದು ತೋರಿಸಿದ. ಭಾನುವಾರ ರಾತ್ರಿ, ಎರಡು ಗಂಟೆ ದಾಟಿತ್ತು. ಬೂದು ಚಿತ್ರದಲ್ಲಿ ಉದ್ದ ಬಾಲದ ಪ್ರಾಣಿಯೊಂದು ಗೋಡೆಗೆ ಮೈ ತಾಗಿಸಿಕೊಂಡು ಬಂತು. ಡಕ್ಟಿನೊಳಗೆ ಹೋಯಿತು, ಹೊರಬಂತು, ಮತ್ತೆ ಒಳಹೋಯಿತು. ಸೋಮವಾರ ರಾತ್ರಿಯೂ ಬಂತು. ಮಂಗಳವಾರವೂ ಬಂತು. ಆ ಮೂರೂ ರಾತ್ರಿ ಮರಿಗಳು ಏಳನೆಯ ಮಹಡಿಯ ನಮ್ಮ ಬಾಲ್ಕನಿಯಲ್ಲಿ ಶೂ ಪೆಟ್ಟಿಗೆಯಲ್ಲಿದ್ದವು.

ಎರಡನೆಯವರು ನಮ್ಮ ಗೇಟಿನ ವಾಚ್‌ಮನ್ ಕಾಕಾ. ಯೇವೂರಿನ ಪಾಡಾದಿಂದ ಬರುವ ವಾರ್ಲಿ ಸಮುದಾಯದವರು, ಆ ಗುಡ್ಡದಲ್ಲೇ ಹುಟ್ಟಿ ಬೆಳೆದವರು. ಈ ಲೇಖನ ಬರೆಯುವ ಮೊದಲು ಮಗನ ಫೋನಿನಲ್ಲಿದ್ದ ಮೂಲ ವಿಡಿಯೋವನ್ನು, ಅಂದರೆ ನಾನು ಕತ್ತರಿಸಿ ಸದ್ದು ತೆಗೆಯುವ ಮೊದಲಿನದನ್ನು, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮಕ್ಕಳ ಕಿರುಚಾಟ, ನನ್ನದೇ ಅಪ್ಪಣೆಗಳು. ಅವುಗಳ ನಡುವೆ ಕ್ಯಾಮೆರಾದ ಹಿಂದಿನಿಂದ ಒಂದು ದನಿ, ಸಮಾಧಾನವಾಗಿ, ಎರಡು ಸಲ: "ಸಾಬ್, ರಹನೇ ದೋ. ರಾತ್ ಕೋ ಮಾ ಆಯೇಗಿ." ನಾನು "ಹಾಂ ಹಾಂ" ಎಂದದ್ದೂ ಕೇಳಿಸುತ್ತದೆ. ಆ ಮಾತಿದ್ದ ಜಾಗಕ್ಕೇ ನಾನು ಕೊಳಲು ಹಚ್ಚಿದ್ದೆ.

ಕಾಕಾರಿಗೆ ಇದನ್ನು ಹೇಳಿದೆ. ಅವರು ನಕ್ಕು, ಅವತ್ತು ಬಹಳ ಗದ್ದಲವಿತ್ತು ಸಾಬ್, ಅಂದರು. ನನ್ನ ಪರವಾಗಿ ಅವರೇ ನೆಪ ಕೊಟ್ಟರು.

ವಿಡಿಯೋವನ್ನು ನನ್ನ ಕಡೆಯಿಂದ ಅಳಿಸಿದ್ದೇನೆ. ಅದರಿಂದೇನೂ ಆಗುವುದಿಲ್ಲ, ಅದು ಈಗ ನನ್ನದಲ್ಲ. ಹೋದ ತಿಂಗಳು ಊರಿನ ಸೋದರಮಾವ ಅದನ್ನೇ ನನಗೆ ಕಳಿಸಿದರು. ಕಳಿಸಿದವರಿಗೆ ಅದರಲ್ಲಿರುವ ಕೈ ನನ್ನದೆಂದು ಗೊತ್ತಿಲ್ಲ. ಕೆಳಗೆ ಬರೆದಿದ್ದರು: "ಲೋಕದಲ್ಲಿ ಇಂಥ ಒಳ್ಳೆಯವರೂ ಇದ್ದಾರೆ ನೋಡು." ಉತ್ತರವಾಗಿ ಸಿಸಿಟಿವಿಯ ಇಪ್ಪತ್ತೆರಡು ಸೆಕೆಂಡಿನ ತುಣುಕನ್ನು ಕಳಿಸಿದೆ. ಅದರಲ್ಲಿ ಸಂಗೀತವಿಲ್ಲ. ಒಂದು ಪ್ರಾಣಿ ಬರುತ್ತದೆ, ಹುಡುಕುತ್ತದೆ, ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮಾವ ಕೇಳಿದರು: "ಇದೇನು, ಏನೂ ಇಲ್ಲವಲ್ಲ ಇದರಲ್ಲಿ?"

ಫೋನ್ ಮಾಡಿ ಹೇಳಬೇಕು.